ಬಂದರಿನ ನೀರಿನಲ್ಲಿ ಕಂಡ ನೀಲಿ ಎಳೆ

ಗೋವೆಯ ಬಂದರಿನ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಪ್ಲಾಸ್ಟಿಕ್ ಎಷ್ಟಿದೆ ಎಂದು ಎಣಿಸುವುದು ಕೆಲಕಾಲ ನನ್ನ ಕೆಲಸವಾಗಿತ್ತು. ತಿಂಗಳಿಗೊಮ್ಮೆ ದೋಣಿಯಿಂದ ನೀರು ತುಂಬಿಕೊಂಡು, ಗಾಜಿನ ಬಾಟಲಿಗಳನ್ನು ರೈಲಿನಲ್ಲಿ ಬೆಳಗಾವಿಗೆ ತರುತ್ತಿದ್ದೆ. ಒಮ್ಮೆ ಖಾನಾಪುರದಲ್ಲಿ ಹತ್ತಿದ ಅಜ್ಜಿಯೊಬ್ಬಳು, "ಗಂಗಾಜಲ ಏನವ್ವಾ?" ಎಂದು ಬಾಟಲಿಗಳಿಗೆ ಕೈಮುಗಿದಿದ್ದಳು.

ಪ್ರಯೋಗಾಲಯದಲ್ಲಿ ಸೋಸಿ ನೋಡಿದರೆ ಪ್ರತಿ ಸಲವೂ ನೀಲಿ ಎಳೆಗಳು. ಮೀನುಬಲೆಯವೇ ಇರಬೇಕೆಂದು ವರದಿಯಲ್ಲಿ ಬರೆದೂ ಬಿಟ್ಟಿದ್ದೆ.

ಬೆಳಗಾವಿಯೊಳಗಿನ ಶಹಾಪುರದ ನಮ್ಮ ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿದ್ದವು. ನೂಲು ಸುತ್ತುತ್ತಲೇ ಅವ್ವನಿಗೆ ವಯಸ್ಸಾಗಿತ್ತು. ಕರೆಂಟ್ ಇಲ್ಲದೆ ಮಗ್ಗ ನಿಂತಿದ್ದ ಒಂದು ಬೆಳಿಗ್ಗೆ, "ದಿನಾ ಏನ್ ನೋಡ್ತಿ, ನನಗೂ ತೋರ್ಸು" ಎನ್ನುತ್ತ ನನ್ನ ಜೊತೆ ಬಂದಳು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ, "ಇದು ನಿನ್ನ ಓಢಣಿ ಎಳಿ ಐತಲ್ಲ" ಎಂದಳು.

ನಾನು ನಕ್ಕೆ. "ಅದು ಸಮುದ್ರದ್ದವ್ವಾ."

"ನೂಲು ನನಗ ತಿಳಿಯೂದಿಲ್ಲೇನು?" ಎಂದು ನನ್ನ ಹೆಗಲ ಮೇಲಿನ ಓಢಣಿಯ ಅಂಚಿನಿಂದ ಒಂದು ಎಳೆ ಕಿತ್ತು ಪಕ್ಕದಲ್ಲಿಟ್ಟಳು. ಅದೇ ನೀಲಿ, ಅದೇ ಹೊಳಪು.

ಅವಳು ಹೋದ ಮೇಲೆ ಒಂದು ಖಾಲಿ ಸೋಸುಕಾಗದವನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಮೇಜಿನ ಮೇಲಿಟ್ಟೆ. ಒಂದು ಗಂಟೆಯ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೇಲೂ ನೀಲಿ ಎಳೆಗಳು ಬಿದ್ದಿದ್ದವು. ಮೊದಲ ದಿನವೇ ಮಾಡಬೇಕಿದ್ದ ಈ ಪರೀಕ್ಷೆಯನ್ನು ಅವಸರದಲ್ಲಿ ನಾನು ಬಿಟ್ಟಿದ್ದೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ನನ್ನ ಮಾರ್ಗದರ್ಶಕಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ.

"ಎಷ್ಟು ತಿಂಗಳದು ಹೋತು?"

"ಆರು, ಮೇಡಂ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನೂ ಕೇಳಬೇಕಿತ್ತು. ಮತ್ತ ಮೊದಲಿಂದ ಮಾಡೂಣು."

ಹತ್ತಿಯ ಬಿಳಿ ಕೋಟು ತೊಟ್ಟು, ಕಿಟಕಿ ಮುಚ್ಚಿ ಮತ್ತೆ ಶುರುಮಾಡಿದೆ. ಎಳೆಗಳು ಕಡಿಮೆಯಾದವು, ಇಲ್ಲವಾಗಲಿಲ್ಲ. ಖಾಲಿ ಕಾಗದದಲ್ಲಿ ಕಾಣದ ಹಸಿರು ಎಳೆ, ಬಿಳಿ ಚೂರು ಬಂದರಿನ ನೀರಿನಲ್ಲಿ ಕಾಣುತ್ತಲೇ ಇದ್ದವು.

"ಹಂಗಾರ ಸಮುದ್ರದಾಗ ಇರೂದು ಖರೇನ?" ಅವ್ವ ಕೇಳಿದಳು.

"ಖರೇ ಅವ್ವಾ."

ಮಗ್ಗದ ಕೆಳಗಿನ ಪಾಲಿಸ್ಟರ್ ನೂಲಿನ ಧೂಳನ್ನು ಗುಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನಮ್ಮ ಗಟಾರದ ನೀರು ಎಲ್ಲಿಗೆ ಹೋಗ್ತದ?"

ಪಡುವಣ ಕಡಲಿಗಂತೂ ಅಲ್ಲ, ನಾಲೆ ಹಿಡಿದು ಪೂರ್ವದ ಹೊಲಗಳ ಕಡೆಗೆ ಎಂದೆ. ಅದರಾಚೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ನಾಲೆಯ ದಂಡೆಗುಂಟ ನಡೆದು ನೋಡಲು ಹೊರಟೆವು.