ಅಜ್ಜ ಹುಡುಕಿದ ಚುಕ್ಕಿಗಳು

ನಾವು ಚಿಕ್ಕವರಿದ್ದಾಗಿನ ಆ ಗಗನನೌಕೆಯ ಸಿನಿಮಾಗಳನ್ನು ಮತ್ತೆ ಹೊಸದಾಗಿ ತೆಗೆಯಬೇಕೇ ಬೇಡವೇ ಎಂದು ಮೊಬೈಲಿನಲ್ಲಿ ಜಗಳ ನಡೆದಿದೆ. ಓದುತ್ತಿದ್ದಂತೆ ನನಗೆ ಅಜ್ಜನ ಕಂಬಳಿಯ ಕುರಿವಾಸನೆ ಬಂತು.

ದರಿಬಡಚಿ ಊರಿನಲ್ಲಿ ಬಿಳಿ ಧೋತರ ಕಟ್ಟಿ ಅದರ ಮೇಲೆ ಆ ಸಿನಿಮಾಗಳಲ್ಲಿ ಮೊದಲನೆಯದನ್ನು ತೋರಿಸಿದ್ದರು. ಚುಕ್ಕಿ ನೋಡಿಯೇ ದಾರಿ ಹಿಡಿದು ಕುರಿ ಹೊಡೆಯುತ್ತಿದ್ದ ಅಜ್ಜ ಅಂದೇ ಮೊದಲ ಸಲ ಸಿನಿಮಾಕ್ಕೆ ಕುಳಿತಿದ್ದ. ನನ್ನನ್ನೂ ಕಂಬಳಿಯೊಳಗೆ ಎಳೆದುಕೊಂಡಿದ್ದ. ನೌಕೆಯನ್ನು ಬಿಟ್ಟು ಅದರ ಹಿಂದಿನ ಆಕಾಶದಲ್ಲಿ ಬಹಳ ಹೊತ್ತು ಏನನ್ನೋ ಹುಡುಕಿದ. ಆಮೇಲೆ ಮೆಲ್ಲಗೆ ಹೇಳಿದ:

"ನಮ್ಮ ಚುಕ್ಕಿ ಒಂದೂ ಇಲ್ಲವ್ವ ಇದರಾಗ. ಇವ್ರು ಖರೇನ ಭಾಳ ದೂರ ಹೋಗ್ಯಾರ."



ಹೊಸದಾಗಿ ತೆಗೆಯಲಿ. ನೌಕೆ ಎಷ್ಟು ಬೇಕಾದರೂ ಹೊಳೆಯಲಿ. ಅಜ್ಜ ನೋಡಿದ ಆ ಚುಕ್ಕಿಗಳನ್ನು ಮಾತ್ರ ನಮ್ಮ ಆಕಾಶದಂತೆ ಯಾರೂ ಸರಿಪಡಿಸಬೇಡಿ.