ಮಗುಚಿ ಹಾಸಿದ ರತ್ನಗಂಬಳಿ

ತೊಂಬತ್ತರ ದಶಕದಲ್ಲಿ, ಭದ್ರಾವತಿಯ ಕ್ವಾರ್ಟರ್ಸಿನಲ್ಲಿ, ಹರಾಜಿನಲ್ಲಿ ಕೊಂಡ ರತ್ನಗಂಬಳಿಯನ್ನು ಅಮ್ಮ ಬಣ್ಣ ಮಾಸದಿರಲೆಂದು ಮಗುಚಿಯೇ ಹಾಸುತ್ತಿದ್ದಳು. ನೆಂಟರು ಬಂದರಷ್ಟೇ ಸರಿಯಾಗಿ ಹಾಸುವುದು. ನನಗೆ ಅದೇ ಸಿಟ್ಟು. ಶಿವಮೊಗ್ಗದ ಕಾರ್ಪೆಟ್ ವ್ಯಾಪಾರಿಯೊಬ್ಬರು ಅದನ್ನು ನೋಡಲು ಬಂದಾಗಲೂ ಗಡಿಬಿಡಿಯಲ್ಲಿ ತಿರುಗಿಸಹೋದಳು.

“ಬೇಡಮ್ಮ, ಎಲ್ಲಿಯದು ಅಂತ ಗೊತ್ತಾಗೋದೇ ಹಿಂಭಾಗದಲ್ಲಿ,” ಎಂದು ಅವರು ಗಂಟುಗಳ ಮೇಲೆ ಬೆರಳಾಡಿಸಿದರು. “ಮಿಷಿನ್ ಮಾಲಲ್ಲ, ಕಾಶ್ಮೀರದ ಕೈಕೆಲಸ.” ಅಂಚಿಗೆ ಇನ್ನೊಂದು ಗೇಣಿರುವಾಗ ಬೆರಳು ನಿಂತಿತು. “ಗಂಟು ಸಡಿಲ ಆಗಿದೆ ನೋಡಿ. ಇಲ್ಲಿಂದ ಬೇರೆಯವರ ಕೈ.”

“ಮೊದಲು ನೇಯ್ತಿದ್ದವರು?” ಅಮ್ಮ ಕೇಳಿದಳು.

“ಗೇಣು ಉಳಿದಿರೋವಾಗ ಯಾರೂ ಸುಮ್ನೆ ಮಗ್ಗ ಬಿಟ್ಟು ಎದ್ದು ಹೋಗಲ್ಲಮ್ಮ.”

ಅಂದಿನಿಂದ ಅಮ್ಮ ಅದನ್ನು ಮಗುಚಿ ಹಾಸಲಿಲ್ಲ. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ. ಆದರೂ ಆ ಗೇಣಗಲವನ್ನು ನಾವಿಬ್ಬರೂ, ಮಲಗಿದವರನ್ನು ದಾಟಬಾರದೆಂಬಂತೆ, ಬಳಸಿಕೊಂಡೇ ಓಡಾಡುತ್ತಿದ್ದೆವು.