ಬೀಗರ ಕಾರಿನ ಎಣ್ಣೆ

ಕೊಳ್ಳೇಗಾಲದ ಮೆಕ್ಯಾನಿಕ್ ಚಿಕ್ಕಸಿದ್ದಯ್ಯನಿಗೆ ಎಣ್ಣೆ ಓದುವುದನ್ನು ಕಲಿಸಿದವನು ಕೊಯಮತ್ತೂರಿನ ಒಬ್ಬ ಮೆಕ್ಯಾನಿಕ್. ೧೯೮೯ರಲ್ಲಿ ಆತನ ರ‍್ಯಾಲಿ ಕಾರು ಬೆಟ್ಟದ ರಸ್ತೆಯಲ್ಲಿ ಕಲ್ಲಿಗೆ ಬಡಿದು, ಎಣ್ಣೆ ಸೋರಿಸಿಕೊಂಡು ಬಂದು ಎರಡು ದಿನ ಇಲ್ಲಿ ನಿಂತಿತ್ತು. ಆತ ಕಲಿಸಿದ್ದು ಇಷ್ಟು: ಎಂಜಿನ್ ಎಣ್ಣೆಯ ಒಂದು ತೊಟ್ಟನ್ನು ಶಾಯಿ ಹೀರುವ ಕಾಗದದ ಮೇಲೆ ಬಿಡಬೇಕು. ಮಸಿ ಸಮನಾಗಿ ಹರಡಿದರೆ ಎಣ್ಣೆಗೆ ಇನ್ನೂ ಜೀವವಿದೆ, ನಡುವೆ ಗಟ್ಟಿಯಾಗಿ ಕೂತರೆ ಬದಲಿಸಬೇಕು. ಚಿಕ್ಕಸಿದ್ದಯ್ಯ ಬಂದ ಗಾಡಿಗಳದ್ದೆಲ್ಲ ಕಲೆಯನ್ನು ಹೀಗೆ ಕಾಗದಕ್ಕಿಳಿಸಿ, ಮಾಲೀಕರ ಹೆಸರು ಬರೆದು ಗೋಡೆಗೆ ಅಂಟಿಸತೊಡಗಿದ. ಜನ ಅದನ್ನು ಗಾಡಿಯ ಕಲೆಯೆಂದು ಓದಲಿಲ್ಲ, ಮನುಷ್ಯನ ಗುಣವೆಂದು ಓದಿದರು.

ತೊಂಬತ್ತನಾಲ್ಕರಲ್ಲಿ ಸತ್ತೇಗಾಲದ ಜಮೀನ್ದಾರ ಷಡಕ್ಷರಪ್ಪನವರು ಎಣ್ಣೆ ಹತ್ತಿದ ಶಲ್ಯ ಹಿಡಿದು ಬಂದರು. ಮಗಳು ಸೌಮ್ಯಳನ್ನು ನೋಡಲು ಯಳಂದೂರಿನ ಶಿವಕುಮಾರಸ್ವಾಮಿ ಬಂದಿದ್ದನಂತೆ. ಹುಡುಗ ಉಪ್ಪಿಟ್ಟು ತಿನ್ನುತ್ತಿದ್ದಾಗ ಇವರು ಹೊರಗೆ ಹೋಗಿ, ಅವನ ಫಿಯಟ್ಟಿನ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಶಲ್ಯಕ್ಕೆ ಒರೆಸಿಕೊಂಡಿದ್ದರು.

ಚಿಕ್ಕಸಿದ್ದಯ್ಯ ಮೂಸಿ ನೋಡಿದ. ಎಣ್ಣೆಯಲ್ಲಿ ಪೆಟ್ರೋಲಿನ ವಾಸನೆ. ಚೋಕ್ ಎಳೆದಂಗೇ ಓಡಿಸವ್ರೆ ಸ್ವಾಮಿ, ಪೆಟ್ರೋಲು ಜಾಸ್ತಿ ಇಳ್ದು ಎಣ್ಣೆ ತೆಳ್ಳಗಾಗ್ಬುಟ್ಟದೆ ಎಂದ. ಎಣ್ಣೆ ಯಾವ ನಂಬರಿನದೆಂದು ಅವರು ಕೇಳಿದರು. ಇಪ್ಪತ್ತು-ನಲವತ್ತು ಇರಬೇಕು, ತಣ್ಣಗಿದ್ದಾಗ ಇಪ್ಪತ್ತರ ಎಣ್ಣೆಯಂತೆ ಸಲೀಸಾಗಿ ಹರಿದು, ಕಾದ ಮೇಲೂ ನಲವತ್ತರದಷ್ಟು ಗಟ್ಟಿತನ ಉಳಿಸಿಕೊಳ್ಳುತ್ತದೆ ಎಂದು ಅವನು ವಿವರಿಸಿದ.

ಷಡಕ್ಷರಪ್ಪನವರ ಮುಖ ಬಾಡಿತು. "ಅಂದ್ರೆ ಎರಡು ತರದ ಮನುಷ್ಯ ಅನ್ನು."

ಎಷ್ಟು ಹೇಳಿದರೂ ಕೇಳದೆ ಅವರು ಸಂಬಂಧ ಮುರಿದರು. ನಾಲ್ಕನೇ ದಿನ ಆ ಫಿಯಟ್ಟೇ ಗ್ಯಾರೇಜಿನ ಮುಂದೆ ಗುಡುಗುತ್ತಾ ನಿಂತಿತು. ಎರಡು ಕಾರ್ಬುರೇಟರ್ ಕೂರಿಸಿ ಓಟಕ್ಕೆಂದೇ ಸಜ್ಜುಮಾಡಿದ ಕಾರು. ಶಿವಕುಮಾರಸ್ವಾಮಿ ಕೂಗಾಡಲಿಲ್ಲ, ತನ್ನಲ್ಲಿ ಏನು ದೋಷವಿದೆಯೋ ನೋಡಿ ಹೇಳಿ ಎಂದು ಬೆಂಚಿನ ಮೇಲೆ ಕೂತ. ಚಿಕ್ಕಸಿದ್ದಯ್ಯನಿಗೆ ನಾಚಿಕೆಯಾಯಿತು. ನೋಡಿದರೆ ಚೋಕಿನ ತಂತಿ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ತಂತಿ ಬದಲಿಸಿ, ಹೊಸ ಎಣ್ಣೆ ಹಾಕಿ, ವಾರ ಬಿಟ್ಟು ಮತ್ತೆ ಒಂದು ತೊಟ್ಟನ್ನು ಕಾಗದಕ್ಕೆ ಬಿಟ್ಟ. ಚೊಕ್ಕವಾಗಿ ಹರಡಿತು.

ಆ ಕಾಗದ ಹಿಡಿದು ಅವನೇ ಸತ್ತೇಗಾಲದ ಬಸ್ಸು ಹತ್ತಿದ. ಷಡಕ್ಷರಪ್ಪನವರು ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಾಗ ಸೌಮ್ಯ ಒಳಗಿನಿಂದ ಇನ್ನೊಂದು ತಂದಳು. ಶಾಲೆಯ ಹಳೇ ಪುಸ್ತಕದ ಹಾಳೆ, ಮೇಲೆ ಡಾಂಬರಿನಂಥ ಕಪ್ಪು ಮುದ್ದೆ.

"ಇದ್ಯಾರ್ದು?" ಎಂದರು ಅಪ್ಪ.

"ನಿಮ್ ಜೀಪಿಂದು. ಐದು ವರ್ಷದಿಂದ ಎಣ್ಣೆ ಬದಲಾಯ್ಸಿಲ್ಲ."

ಷಡಕ್ಷರಪ್ಪನವರು ಚಿಕ್ಕಸಿದ್ದಯ್ಯನ ಕಡೆ ನೋಡಿದರು. ಅವನು ಗೋಡೆ ನೋಡಿದ. ಒಂದು ಲೋಟ ಕಾಫಿ ಬಂದು, ಕುಡಿದು ಮುಗಿದ ಮೇಲೆ ಅವರು, ಗಾಡಿ ಬೇರೆ ಮನುಷ್ಯ ಬೇರೆ ಅಂತ ನಾನೂ ಮೊದಲಿಂದ ಹೇಳ್ತಿದ್ದೆ ಎಂದರು.

ವೈಶಾಖದಲ್ಲಿ ಮದುವೆಯಾಯಿತು. ಸೌಮ್ಯ ಆ ಫಿಯಟ್ಟನ್ನು ಗಂಡನಿಗಿಂತ ಜೋರಾಗಿ ಓಡಿಸಲು ಕಲಿತಳು. ಷಡಕ್ಷರಪ್ಪನವರು ಮಗಳ ಮನೆಗೆ ಈಗಲೂ ಜೀಪು ಬಿಟ್ಟು ಬಸ್ಸಿನಲ್ಲೇ ಹೋಗುತ್ತಾರೆ, ಬೀಗರ ಹೆಗಲ ಮೇಲೂ ಶಲ್ಯವಿರುತ್ತದಲ್ಲ.